30×40 ಸೈಟಿನ ಮನೆಗೆ ಕಿಟಕಿ: ಜಾರಿಸುವುದೋ, ತೆರೆಯುವುದೋ?

ಬೆಂಗಳೂರಿನ ಪಶ್ಚಿಮ ಭಾಗದ ಒಂದು ಬಡಾವಣೆ. 30×40 ಸೈಟು, ಪೂರ್ವಕ್ಕೆ ರಸ್ತೆ. ನೆಲಮಹಡಿ, ಅದರ ಮೇಲೆ ಇನ್ನೊಂದು ಮಹಡಿ. ಗೋಡೆ ಎದ್ದಿತ್ತು, ಮೇಲಿನ ಮೋಲ್ಡ್ ಕೂಡ ಆಗಿತ್ತು. ಪ್ಲಾಸ್ಟರಿಂಗ್ ಇನ್ನೂ ಶುರುವಾಗಿರಲಿಲ್ಲ. ಆ ಹಂತದಲ್ಲಿ ಮನೆಯವರು ಕಿಟಕಿ ವಿಚಾರಕ್ಕೆ ಅಂತಲೇ ನನ್ನನ್ನು ಕರೆದರು.

ಒಳ್ಳೆ ಹೊತ್ತಿಗೇ ಕರೆದರು. ನಮ್ಮಲ್ಲಿ ಬಹಳ ಜನ ಗ್ರಿಲ್ ವೆಲ್ಡಿಂಗ್ ಆಗಿ, ಕಿಟಕಿಯ ತಳದ ಸಿಲ್‌ಗೆ ಗ್ರಾನೈಟ್ ಕೂರಿಸಿದ ಮೇಲೆ ಕಿಟಕಿ ಅಂಗಡಿಗೆ ಹೋಗುತ್ತಾರೆ. ಅಷ್ಟರಲ್ಲಿ ಕಿಟಕಿ ಹೇಗೆ ತೆರೆಯಬೇಕು ಅನ್ನುವುದನ್ನು ಗ್ರಿಲ್‌ನವನೇ ತೀರ್ಮಾನ ಮಾಡಿಬಿಟ್ಟಿರುತ್ತಾನೆ. ಗ್ರಿಲ್ ಗೋಡೆಯ ಹೊರಮುಖಕ್ಕೆ ಬಿದ್ದರೆ ಹೊರಗೆ ತೆರೆಯುವ ಕಿಟಕಿ ಹಾಕಲು ಆಗುವುದೇ ಇಲ್ಲ. ಒಳಮುಖಕ್ಕೆ ಬಿದ್ದರೆ ಒಳಗೆ ತೆರೆಯುವುದು ಆಗುವುದಿಲ್ಲ. ಗ್ರಿಲ್ ಎಲ್ಲಿದ್ದರೂ ಹೊಂದಿಕೊಳ್ಳುವುದು ಪಕ್ಕಕ್ಕೆ ಜಾರುವ ಸ್ಲೈಡಿಂಗ್ ಒಂದೇ. ಬೆಂಗಳೂರಿನ ಹೊಸ ಮನೆಗಳಲ್ಲಿ ಎಲ್ಲಿ ನೋಡಿದರೂ ಸ್ಲೈಡಿಂಗ್ ಕಾಣುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಮನೆಯಲ್ಲಿ ನಾಲ್ಕು ಜನ. ಗಂಡ, ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಹೈಸ್ಕೂಲಿನಲ್ಲಿ ಓದುವ ಮಗಳು. ಜೊತೆಗೆ ಗಂಡನ ತಾಯಿ. ಎಪ್ಪತ್ತು ದಾಟಿದವರು, ಬಲಭುಜ ಹಿಡಿದುಕೊಂಡಿದೆ, ಕೈ ಚಾಚಿ ಎಳೆಯುವುದು ಕಷ್ಟ. ಹಗಲು ಹೊತ್ತು ಮನೆಯಲ್ಲಿ ಇರುವವರು ಅವರೊಬ್ಬರೇ. ಅಂದರೆ ಮಳೆ ಬಂದಾಗ ಕಿಟಕಿ ಮುಚ್ಚಬೇಕಾದವರೂ ಅವರೇ. ಕೊನೆಗೆ ಬೇರೆ ಎಲ್ಲಕ್ಕಿಂತ ಜಾಸ್ತಿ ತೂಗಿದ್ದು ಈ ಒಂದು ವಿಷಯ.

ಕಿಟಕಿ ಬಗ್ಗೆ ಮನೆಯಲ್ಲಿ ಮೂರು ಮಾತು ಓಡುತ್ತಿದ್ದವು. ಯಜಮಾನರ ಕೈಯಲ್ಲಿ ಒಂದು ಕೊಟೇಶನ್ ಇತ್ತು. ಇಡೀ ಮನೆಗೆ ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ ಸ್ಲೈಡಿಂಗ್, ಎರಡೂವರೆ ಟ್ರ್ಯಾಕ್. ಅಂದರೆ ಗಾಜಿಗೆ ಎರಡು ಹಳಿ, ಸೊಳ್ಳೆ ಜಾಲರಿಗೆ ಒಂದು ಸಣ್ಣ ಹಳಿ. ಒಂದೇ ಬಗೆ, ಒಂದೇ ರೇಟು, ನೋಡಲಿಕ್ಕೂ ಚೆನ್ನಾಗಿರುತ್ತದೆ ಅನ್ನುವುದು ಅವರ ವಾದ. ಹೆಂಡತಿಯ ಸೋದರಮಾವ ಜರ್ಮನಿಯಲ್ಲಿರುವ ಮಗಳ ಮನೆಗೆ ಹೋಗಿಬಂದವರು. ಅಲ್ಲಿ ಹಿಡಿಯನ್ನು ಒಂದು ಕಡೆ ತಿರುಗಿಸಿದರೆ ಕಿಟಕಿ ಬಾಗಿಲಿನ ಹಾಗೆ ಒಳಗೆ ತೆರೆದುಕೊಳ್ಳುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಮೇಲ್ಭಾಗ ಮಾತ್ರ ಒಳಕ್ಕೆ ವಾಲುತ್ತದೆ. ಹಾಕಿಸಿದರೆ ಅದನ್ನೇ ಹಾಕಿಸಿ ಅಂತ ಅವರದು ಒಂದೇ ಹಟ. ಮೂರನೆಯದು ಅಜ್ಜಿಯದು.

"ನೋಡಪ್ಪಾ, ನಮ್ಮೂರಲ್ಲಿದ್ದ ಹಾಗೆ ಪೂರ್ತಿ ತೆಗೆಯೋ ಕಿಟಕಿ ಹಾಕ್ಸು. ಅರ್ಧ ತೆಗೆದ್ರೆ ಅರ್ಧ ಮುಚ್ಚಿಕೊಳ್ಳೋದು, ಅದ್ಯಾವ ಸೀಮೆ ಕಿಟಕಿ?"

ಅಜ್ಜಿ ಹಾಸನದ ಕಡೆಯವರು. ಅವರು ಹೇಳಿದ ಕಿಟಕಿ ಅನೇಕರು ಕಂಡಿರುವಂಥದ್ದೇ. ಚೌಕಟ್ಟಿಗೆ ಉದ್ದುದ್ದ ಕಬ್ಬಿಣದ ಸರಳು, ಮರದ ಎರಡು ಬಾಗಿಲು, ಎರಡೂ ಒಳಗೆ ತೆರೆಯುವಂಥವು. ಬಾಗಿಲು ಗೋಡೆಗೆ ಒರಗಿಸಿಟ್ಟರೆ ಸರಳಿನ ಸಂದಿಯಲ್ಲಿ ಗಾಳಿಯೋ ಗಾಳಿ.

ಅವರ ಪ್ರಶ್ನೆ ಸುಮ್ಮನೆ ಗೊಣಗಾಟ ಅಲ್ಲ. ಕಿಟಕಿ ಎಷ್ಟು ದೊಡ್ಡದು ಅನ್ನುವುದು ಬೇರೆ, ಎಷ್ಟು ತೆರೆಯುತ್ತದೆ ಅನ್ನುವುದು ಬೇರೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ಇಕೋ ನಿವಾಸ್ ಸಂಹಿತಾ, ಅಂದರೆ ಮನೆಗಳ ಇಂಧನ ಉಳಿತಾಯದ ನಿಯಮಾವಳಿ, ಈ ಎರಡನ್ನೂ ಬೇರೆ ಮಾಡಿಯೇ ಲೆಕ್ಕ ಹಾಕುತ್ತದೆ. ಬಾಗಿಲಿನಂತೆ ತೆರೆಯುವ ಕಿಟಕಿಯಲ್ಲಿ ಶೇ. 90 ಜಾಗ ಗಾಳಿಗೆ ಸಿಗುತ್ತದೆ ಅಂತ ಹಿಡಿಯುತ್ತಾರೆ. ಎರಡು ಗಾಜಿನ ಸ್ಲೈಡಿಂಗ್‌ನಲ್ಲಿ ಶೇ. 50, ಮೂರು ಗಾಜಿನದರಲ್ಲಿ ಶೇ. 67. ಬೆಂಗಳೂರಿನಂಥ ಸಮಶೀತೋಷ್ಣ ಹವೆಗೆ ಹೀಗೆ ತೆರೆಯುವ ಜಾಗ ನೆಲದ ಅಳತೆಯ ಶೇ. 12.5 ಆದರೂ ಇರಬೇಕು, ಅಂದರೆ ಎಂಟನೇ ಒಂದು ಪಾಲು. ಮಂಗಳೂರಿನಂಥ ಸೆಕೆಯ ಊರಿಗೆ ಆರನೇ ಒಂದು ಪಾಲು. ಈ ಸಂಹಿತೆ 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ ಬರೆದದ್ದು. 30×40 ಅಂದರೆ ಹೆಚ್ಚೂಕಡಿಮೆ 111 ಚದರ ಮೀಟರ್, ಹಾಗಾಗಿ ಇವರಿಗೆ ಕಡ್ಡಾಯ ಏನಲ್ಲ. ಆದರೆ ಲೆಕ್ಕ ಹಾಕಿ ನೋಡಲಿಕ್ಕೆ ಯಾರ ಅಪ್ಪಣೆ ಬೇಕು?

ಅಜ್ಜಿಯ ಕೋಣೆಯಿಂದಲೇ ಶುರು ಮಾಡಿದೆವು. ನೈರುತ್ಯ ಮೂಲೆ, 10×12 ಅಡಿ. 120 ಚದರ ಅಡಿಗೆ ಎಂಟನೇ ಒಂದು ಪಾಲು ಅಂದರೆ 15. ಪಶ್ಚಿಮದ ಗೋಡೆಯನ್ನು ಬಾತ್‌ರೂಮ್ ತಿಂದಿದೆ. ಇರುವುದು ದಕ್ಷಿಣಕ್ಕೆ 5×4 ಅಡಿಯ ಒಂದೇ ಕಿಟಕಿ, 20 ಚದರ ಅಡಿ. ಎರಡು ಗಾಜಿನ ಸ್ಲೈಡಿಂಗ್ ಹಾಕಿದರೆ ತೆರೆಯುವುದು 10. ಮೂರು ಗಾಜಿನದಾದರೂ 13.4. ಬಾಗಿಲಿನಂತೆ ತೆರೆಯುವುದಾದರೆ 18. ಒಂದೇ ಕಿಟಕಿ ಇರುವ ಕೋಣೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಅದರ ಮೇಲೆ ಸೊಳ್ಳೆ ಜಾಲರಿ ಬೇರೆ ಗಾಳಿಯನ್ನು ಇನ್ನಷ್ಟು ತಡೆಯುತ್ತದೆ. ಬೆಂಗಳೂರಿನಲ್ಲಿ ಜಾಲರಿ ಬೇಡ ಅನ್ನುವ ಹಾಗಿಲ್ಲ ಅಲ್ವಾ.

ಹಾಗಾದರೆ ಹೊರಗೆ ತೆರೆಯುವ ಕಿಟಕಿ ಹಾಕೋಣ ಅಂದರು ಯಜಮಾನರು. ತೊಡಕು ಶುರುವಾಗಿದ್ದು ಇಲ್ಲಿ. ದಕ್ಷಿಣಕ್ಕೆ ಬಿಟ್ಟಿರುವ ಓಣಿ 3 ಅಡಿ. 5 ಅಡಿ ಕಿಟಕಿಗೆ ಎರಡು ಬಾಗಿಲು ಅಂದರೆ ಒಂದೊಂದು ಎರಡೂವರೆ ಅಡಿ. ಪೂರ್ತಿ ತೆರೆದರೆ ಓಣಿಯಲ್ಲಿ ಉಳಿಯುವುದು ಅರ್ಧ ಅಡಿ. ಹಿಂದಿನ ಯುಟಿಲಿಟಿಗೆ ಗ್ಯಾಸ್ ಸಿಲಿಂಡರ್ ಹೋಗುವುದೂ ಇದೇ ದಾರಿಯಲ್ಲಿ. ಸಿಲಿಂಡರ್ ಹೊತ್ತು ಬರುವವನ ಹಣೆಗೆ ಸರಿಯಾಗಿ ಗಾಜಿನ ಬಾಗಿಲಿನ ಮೂಲೆ ಬರುತ್ತದೆ. ಮೂರು ಬಾಗಿಲು ಮಾಡಿ ಒಂದೊಂದನ್ನು 20 ಇಂಚಿಗೆ ಇಳಿಸಿದರೂ ದಾರಿ 16 ಇಂಚು ಮಾತ್ರ.

ಅದಕ್ಕಿಂತ ದೊಡ್ಡ ತೊಂದರೆ ಮುಚ್ಚುವುದರಲ್ಲಿ. ಹೊರಗೆ ತೆರೆಯುವ ಕಿಟಕಿಗೆ ಗ್ರಿಲ್ ಒಳಗಿರುತ್ತದೆ, ಜಾಲರಿ ಅದಕ್ಕಿಂತಲೂ ಈಚೆಗೆ. ಮಳೆ ಬಂತು ಅಂದರೆ ಮೊದಲು ಜಾಲರಿಯ ಬಾಗಿಲು ತೆಗೆಯಬೇಕು. ಗ್ರಿಲ್ ಸಂದಿಯಲ್ಲಿ ಕೈ ತೂರಿಸಬೇಕು. ಎರಡೂವರೆ ಅಡಿ ದೂರ ಹೋಗಿರುವ ಬಾಗಿಲಿನ ಹಿಡಿಯನ್ನು ಹಿಡಿದು ಎಳೆಯಬೇಕು. ನಮಗೆ ಅಭ್ಯಾಸ ಇದೆ, ಮಾಡಿಬಿಡುತ್ತೇವೆ. ಭುಜ ಹಿಡಿದಿರುವ ಅಜ್ಜಿಗೆ ಆಗದ ಮಾತು. ಮಳೆಗೆ ಹೆದರಿ ಅವರು ಕಿಟಕಿ ತೆಗೆಯುವುದನ್ನೇ ಬಿಟ್ಟುಬಿಡುತ್ತಾರೆ. ಆಮೇಲೆ ಶೇ. 90 ಅನ್ನುವ ಲೆಕ್ಕ ತೆಗೆದುಕೊಂಡು ಏನು ಮಾಡುವುದು?

ಉಳಿದದ್ದು ಅಜ್ಜಿ ಮೊದಲೇ ಹೇಳಿದ್ದ ಬಗೆ. ಗ್ರಿಲ್ ಹೊರಗೆ, ಅದರ ಹಿಂದೆ ಜಾಲರಿ, ಗಾಜಿನ ಬಾಗಿಲು ಒಳಗೆ ತೆರೆಯುವುದು. ಮುಚ್ಚಲಿಕ್ಕೆ ಕೈ ಎಲ್ಲೂ ಚಾಚಬೇಕಿಲ್ಲ. ಗಾಜಿನ ಎರಡೂ ಮುಖವನ್ನು ಕೋಣೆಯೊಳಗೆ ನಿಂತೇ ಒರೆಸಬಹುದು. ಓಣಿಗೂ ಅಡ್ಡಿ ಇಲ್ಲ.

ಅಂಗಡಿಯವರು ಒಪ್ಪಲಿಲ್ಲ. "ಒಳಗೆ ತೆರೆಯೋದು ಈಗ ಯಾರೂ ಹಾಕ್ಸಲ್ಲ ಸರ್, ಮಳೆ ನೀರೆಲ್ಲ ಒಳಗೇ ಬರತ್ತೆ" ಅಂದರು. ಮಾತು ಅರ್ಧ ನಿಜ. ಹೊರಗೆ ತೆರೆಯುವ ಬಾಗಿಲನ್ನು ಗಾಳಿ ಚೌಕಟ್ಟಿಗೆ ಒತ್ತಿ ಇನ್ನೂ ಬಿಗಿ ಮಾಡುತ್ತದೆ. ಒಳಗೆ ತೆರೆಯುವುದನ್ನು ಅದೇ ಗಾಳಿ ಒಳಕ್ಕೆ ನೂಕುತ್ತದೆ. ರಬ್ಬರ್ ಪಟ್ಟಿ ಸವೆದಿದ್ದರೆ ನೀರು ನುಗ್ಗುವುದು ಅಲ್ಲೇ. ಆದರೆ ಈ ಕಿಟಕಿ ಇರುವುದು ಎಲ್ಲಿ? ನೆಲಮಹಡಿಯಲ್ಲಿ, 3 ಅಡಿ ಓಣಿಯಲ್ಲಿ, ಎದುರಿಗೆ ಪಕ್ಕದ ಮನೆಯ ಗೋಡೆ, ಮೇಲೆ ಚಜ್ಜಾ. ಇಲ್ಲಿಗೆ ಮಳೆ ನೇರವಾಗಿ ಬಡಿಯುವುದೇ ಅಪರೂಪ. ಇದೇ ಕಿಟಕಿ ಮೇಲಿನ ಮಹಡಿಯ ಪಶ್ಚಿಮಕ್ಕೆ ಇದ್ದಿದ್ದರೆ ನಾನೂ ಬೇಡ ಅನ್ನುತ್ತಿದ್ದೆ.

ಒಳಗೆ ತೆರೆಯುವುದಕ್ಕೆ ಬೇರೆ ತರಹದ ಬೆಲೆ ಕೊಡಬೇಕಾಗುತ್ತದೆ. ಚೌಕಟ್ಟನ್ನು ಗೋಡೆಯ ಒಳಮುಖಕ್ಕೆ ಸಮವಾಗಿ ಕೂರಿಸಬೇಕು. ಗೋಡೆಯ ನಡುವೆ ಕೂರಿಸಿದರೆ ಬಾಗಿಲು ಗೋಡೆಯ ಅಂಚಿಗೆ ತಾಗಿ ಕೋಣೆಯ ಮಧ್ಯಕ್ಕೆ ಚಾಚಿಕೊಂಡೇ ನಿಲ್ಲುತ್ತದೆ. ಒಳಮುಖಕ್ಕೆ ಕೂರಿಸಿ, ಪೂರ್ತಿ ತಿರುಗುವ ಹಿಂಜ್ ಹಾಕಿದರೆ ಗೋಡೆಗೆ ಒರಗುತ್ತದೆ. ಪರದೆಯ ಕೋಲು ಎರಡೂ ಕಡೆ ಅಷ್ಟಷ್ಟು ಉದ್ದ ಹೋಗಬೇಕು. ಕಿಟಕಿಯ ಕೆಳಗೆ ಮೇಜು ಇಡುವ ಯೋಜನೆ ಇತ್ತು, ಅದನ್ನು ಕೈಬಿಟ್ಟೆವು. ಹೊರಗಡೆ ಸಿಲ್ ಅಗಲವಾಗಿ ಉಳಿಯುವುದರಿಂದ ಗ್ರಾನೈಟ್‌ಗೆ ಹೊರಕ್ಕೆ ಇಳಿಜಾರು ಕೊಟ್ಟು, ಮುಂದೆ ಚಾಚಿದ ಅಂಚಿನ ಅಡಿಯಲ್ಲಿ ನೀರು ತೊಟ್ಟಿಕ್ಕಿ ಬೀಳಲು ಒಂದು ಗೀರು ಹೊಡೆಸಿದೆವು.

ಇನ್ನೊಂದು ಲಾಭವನ್ನೂ ಬಿಟ್ಟುಕೊಟ್ಟೆವು. ಬೆಂಗಳೂರಿನಲ್ಲಿ ಮೇಯಿಂದ ಸೆಪ್ಟೆಂಬರ್‌ವರೆಗೆ ಗಾಳಿ ಹೆಚ್ಚಾಗಿ ಪಶ್ಚಿಮ, ನೈರುತ್ಯದ ಕಡೆಯಿಂದ ಬರುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಪೂರ್ವದ ಕಡೆಯಿಂದ. ಎರಡೂ ಗಾಳಿ ದಕ್ಷಿಣದ ಓಣಿಯಲ್ಲಿ ಗೋಡೆಯನ್ನು ಸವರಿಕೊಂಡು ಹೋಗುತ್ತವೆ, ತಾವಾಗಿ ಒಳಗೆ ತಿರುಗುವುದಿಲ್ಲ. ಹೊರಗೆ ತೆರೆದ ಬಾಗಿಲು ಅಡ್ಡ ನಿಂತರೆ ಆ ಗಾಳಿಯನ್ನು ಹಿಡಿದು ಕೋಣೆಯೊಳಗೆ ತಿರುಗಿಸುತ್ತದೆ. ಪಶ್ಚಿಮದ ಗಾಳಿಗೆ ಪೂರ್ವದ ಪಕ್ಕಕ್ಕೆ ಹಿಂಜ್ ಇರುವ ಬಾಗಿಲನ್ನಷ್ಟೇ ತೆರೆದಿಡಬೇಕು. ಓಣಿ 5 ಅಡಿ ಇದ್ದು, ಅಜ್ಜಿಯ ಭುಜ ಸರಿ ಇದ್ದಿದ್ದರೆ ನಾನು ಅದನ್ನೇ ಹಾಕಿಸುತ್ತಿದ್ದೆ.

ಇಷ್ಟಾದ ಮೇಲೆ ಸೋದರಮಾವನವರು ಬಂದರು. "ನಾನೂ ಒಳಗೆ ತೆರೆಯೋದನ್ನೇ ಹೇಳಿದ್ದಲ್ವಾ!" ಅಂದರು. ಹೌದು, ಜರ್ಮನಿಯ ಕಿಟಕಿಯೂ ಹಾಸನದ ಕಿಟಕಿಯೂ ಇದೊಂದು ವಿಷಯದಲ್ಲಿ ಒಂದೇ. ಹೆಚ್ಚಿನದು ಮೇಲ್ಭಾಗ ವಾಲಿಸುವ ವ್ಯವಸ್ಥೆ ಮಾತ್ರ. ಅದು ಇಲ್ಲಿಗೆ ಬೇಕಾ? ಅಲ್ಲಿನ ಮನೆಗಳ ಕಿಟಕಿಗೆ ಸಾಮಾನ್ಯವಾಗಿ ನಮ್ಮ ಹಾಗೆ ಗ್ರಿಲ್ ಇರುವುದಿಲ್ಲ. ಚಳಿಗಾಲದಲ್ಲಿ ಒಂದಿಷ್ಟು ಗಾಳಿ ಬರಬೇಕು, ಆದರೆ ಕಿಟಕಿ ಹಾರು ಹೊಡೆದಿರಬಾರದು. ವಾಲಿಸಿಡುವುದು ಅದಕ್ಕೆ. ನಮ್ಮಲ್ಲಿ ರಾತ್ರಿಯ ಭದ್ರತೆಗೆ ಗ್ರಿಲ್ ಇದೆ, ಬಾಗಿಲು ಪೂರ್ತಿ ತೆರೆದೇ ಮಲಗಬಹುದು. ಬೆಂಗಳೂರಿನ ಹವೆಗೆ ಬೇಕಿರುವುದು ದೊಡ್ಡ ಬಾಯಿ, ಸಣ್ಣ ಸಂದಿಯಲ್ಲ. ಆ ವ್ಯವಸ್ಥೆಯ ಬಿಡಿಭಾಗಗಳ ಬೆಲೆಯೂ ಜಾಸ್ತಿ. ಬೇಡ ಅಂದೆವು. ಅವರಿಗೆ ಸ್ವಲ್ಪ ಬೇಜಾರಾಯಿತು, ಇರಲಿ.

ಅಡುಗೆಮನೆಗೆ ಇದೇ ತರ್ಕ ಉಲ್ಟಾ ಹೊಡೆಯಿತು. ಆಗ್ನೇಯ ಮೂಲೆ, ಪೂರ್ವದ ಗೋಡೆಗೆ 2 ಅಡಿ ಅಗಲದ ಕಟ್ಟೆ, ಅದರ ಮೇಲೆ ಕಿಟಕಿ. ಒಳಗೆ ತೆರೆಯುವಂತಿಲ್ಲ, ಒಗ್ಗರಣೆ ಬಾಣಲೆಯ ಮೇಲೇ ಬಾಗಿಲು ಬರುತ್ತದೆ. ಹೊರಗೆ ತೆರೆಯುವುದಾದರೆ ಕಟ್ಟೆಯ 2 ಅಡಿ ದಾಟಿ, ಉರಿಯುವ ಒಲೆಯ ಮೇಲೆ ಬಗ್ಗಿ, ಗ್ರಿಲ್‌ನಲ್ಲಿ ಕೈ ತೂರಿಸಬೇಕು. ಇಂಥ ಕಡೆಗೆ ಹೇಳಿ ಮಾಡಿಸಿದ್ದು ಸ್ಲೈಡಿಂಗ್. ಇನ್ನೊಂದು ಅನುಕೂಲ, ಒಲೆ ಇರುವ ಕಡೆಯ ಗಾಜು ಮುಚ್ಚಿ ಇನ್ನೊಂದು ಕಡೆಯದನ್ನು ಮಾತ್ರ ತೆರೆದರೆ ಗಾಳಿಗೆ ಉರಿ ಆರುವುದಿಲ್ಲ. ಕಿಟಕಿ ಇದೆಯಲ್ಲ ಅಂತ ಗ್ಯಾಸ್ ಸೋರಿಕೆ ವಿಷಯದಲ್ಲಿ ಮಾತ್ರ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ಕಟ್ಟೆಯ ಮೇಲಿನ ಕಿಟಕಿ ಅದನ್ನು ಹೊರಹಾಕುವುದಿಲ್ಲ. ಯುಟಿಲಿಟಿ ಬಾಗಿಲಿನ ಕೆಳಭಾಗಕ್ಕೆ ಜಾಲರಿಯ ಪಟ್ಟಿ ಇಡಿಸಿದ್ದು ಅದಕ್ಕೇ.

ಮೇಲಿನ ಮಹಡಿಯ ಪಶ್ಚಿಮದ ಕೋಣೆ ಗಂಡ, ಹೆಂಡತಿಯದು. 6×4 ಅಡಿ ಕಿಟಕಿ, ಎದುರಿಗೆ ಖಾಲಿ ಸೈಟು. ಮುಂಗಾರಿನ ಗಾಳಿ, ಮಳೆ ಎರಡೂ ನೇರವಾಗಿ ಮುಖಕ್ಕೆ ಹೊಡೆಯುವ ಜಾಗ. ಕೊಟೇಶನ್‌ನಲ್ಲಿ ಇಲ್ಲೂ ಸ್ಲೈಡಿಂಗ್ ಇತ್ತು. ಸ್ಲೈಡಿಂಗ್‌ನಲ್ಲಿ ಗಾಜು ಜಾರಬೇಕಾದ್ದರಿಂದ ಚೌಕಟ್ಟಿಗೆ ಪೂರ್ತಿ ಒತ್ತಿಕೊಳ್ಳುವುದಿಲ್ಲ, ಸಂದಿಯಲ್ಲಿ ಕುಂಚದಂಥ ಪಟ್ಟಿ ಇರುತ್ತದೆ ಅಷ್ಟೇ. ಮಳೆ ನೀರು ಹಳಿಯಲ್ಲಿ ತುಂಬಿ, ಹೊರಗಿನ ಸಣ್ಣ ತೂತುಗಳಿಂದ ಇಳಿದುಹೋಗಬೇಕು. ತೂತಿಗೆ ಧೂಳು ಕಟ್ಟಿದರೆ ನೀರು ಕೋಣೆಗೆ ಉಕ್ಕುತ್ತದೆ. ಸುತ್ತಮುತ್ತ ಮನೆ ಕಟ್ಟುತ್ತಲೇ ಇರುವ ಬಡಾವಣೆಯಲ್ಲಿ ಧೂಳಿಗೆ ಏನು ಬರ?

ಇಲ್ಲಿ ಹೊರಗೆ ತೆರೆಯುವುದನ್ನೇ ಆರಿಸಿದೆವು. ಮೂರು ಬಾಗಿಲು, ಒಂದೊಂದು 2 ಅಡಿ. ಎರಡೇ ಬಾಗಿಲು ಸಾಕು ಅಂತ ಅಂಗಡಿಯವರು ಹೇಳಿದರು. 3 ಅಡಿ ಅಗಲದ ಬಾಗಿಲು ಗಾಜಿನ ಭಾರಕ್ಕೆ ವರ್ಷಗಳು ಕಳೆದಂತೆ ಜೋಲುತ್ತದೆ, ನಾನು ಒಪ್ಪಲಿಲ್ಲ. ಒಂದು ಹಿಡಿ ತಿರುಗಿಸಿದರೆ ಮೂರ್ನಾಲ್ಕು ಕಡೆ ಬೀಗ ಬೀಳುವ ಬಗೆ ಹಾಕಿಸಿದೆವು, ರಬ್ಬರ್ ಎಲ್ಲಾ ಕಡೆ ಸಮವಾಗಿ ಒತ್ತಿಕೊಳ್ಳಬೇಕಲ್ಲ. ಏಪ್ರಿಲ್, ಮೇ ಸಂಜೆಗಳಲ್ಲಿ ಮಳೆಗೆ ಮುಂಚೆ ಬೀಸುವ ಗಾಳಿಗೆ ಬಾಗಿಲು ಬಡಿದುಕೊಳ್ಳದ ಹಾಗೆ, ಬಿಟ್ಟಲ್ಲೇ ಬಿಗಿಯಾಗಿ ನಿಲ್ಲುವ ಹಿಂಜ್. ಒಳಗಿನ ಗ್ರಿಲ್‌ಗೂ ಕಿಟಕಿಗೂ ನಡುವೆ 3 ಇಂಚು ಜಾಗ ಬಿಡಿಸಿ, ಹಿಡಿ ಬರುವ ಕಡೆ ಒಂದು ಸರಳು ಕಡಿಮೆ ಮಾಡಿಸಿದೆವು. ಈ ಕೋಣೆಯ ಕಿಟಕಿ ಮುಚ್ಚುವವರು ಅಜ್ಜಿಯಲ್ಲ, ರಾತ್ರಿ ಅಲ್ಲಿ ಮಲಗುವವರು. ಬೆಳಿಗ್ಗೆ ಹೊರಡುವಾಗ ಮುಚ್ಚಿ ಹೋಗುತ್ತಾರೆ.

ಮುಂದಿನ ಹಾಲ್‌ಗೆ ಮೂರು ಗಾಜಿನ ಸ್ಲೈಡಿಂಗ್. ಪೋರ್ಟಿಕೋದ ಸ್ಲ್ಯಾಬ್ ಕೆಳಗಿದೆ, ಮಳೆಯ ಭಯವಿಲ್ಲ. ಕೆಳಗೆ ಸೋಫಾ ಬರುತ್ತದೆ, ಹಗಲೆಲ್ಲ ಮುಂಬಾಗಿಲ ಜಾಲರಿಯಿಂದಲೂ ಗಾಳಿ ಬರುತ್ತದೆ. ಮಗಳ ಕೋಣೆಗೂ ಸ್ಲೈಡಿಂಗ್ ಸಾಕು ಅಂದೆವು, ಬಾಲ್ಕನಿ ಬಾಗಿಲು ಇದೆಯಲ್ಲ ಅಂತ. ಅವಳ ಕಿಟಕಿಯ ಗ್ರಿಲ್‌ನಲ್ಲಿ ಒಂದು ಭಾಗ ಮಾತ್ರ ಬೀಗ ತೆಗೆದು ತೆರೆಯುವಂತಿದೆ. ಬೆಂಕಿ ಬಿದ್ದರೆ ಹೊರಬರಲು ದಾರಿ ಬೇಕು. ಬೀಗದ ಕೈ ಅದೇ ಕೋಣೆಯ ಮೊಳೆಯಲ್ಲಿ ತೂಗಬೇಕು ಅಂತ ಮನೆಯವರಿಗೆಲ್ಲ ಹೇಳಿದ್ದಾಗಿದೆ.

ಮೆಟ್ಟಿಲಿನ ಪಕ್ಕ, ಉತ್ತರದ ಗೋಡೆಗೆ ಇನ್ನೊಂದು ಸ್ಲೈಡಿಂಗ್ ಬರೆದಿದ್ದರು. ಎದುರಿಗೇ ಪಕ್ಕದ ಮನೆಯ ಬಾತ್‌ರೂಮಿನ ವೆಂಟಿಲೇಟರ್. ಅದನ್ನು ಯಾರು, ಯಾವಾಗ ತೆರೆಯುತ್ತಾರೆ? ತೆರೆಯದ ಗಾಜು ಕೂರಿಸಿದೆವು, ಬೆಳಕು ಬಂದರೆ ಸಾಕು. ಎಲ್ಲಕ್ಕಿಂತ ಅಗ್ಗದ ಕಿಟಕಿ ಇದೇ. ಇಲ್ಲಿ ಉಳಿದ ದುಡ್ಡು ಪಶ್ಚಿಮದ ಕಿಟಕಿಗೆ ಹೋಯಿತು. ಮೆಟ್ಟಿಲ ತುದಿಯಲ್ಲಿ, ಟೆರೇಸ್ ಬಾಗಿಲಿನ ಮೇಲೆ, ಓರೆ ಪಟ್ಟಿಗಳ, ಜಾಲರಿ ಹಾಕಿದ ಲೂವರ್ ಯಾವಾಗಲೂ ತೆರೆದೇ ಇರುತ್ತದೆ. ಮನೆಯ ಬಿಸಿಗಾಳಿ ಮೆಟ್ಟಿಲ ಮೂಲಕ ಏರಿ ಅಲ್ಲಿಂದ ಹೋಗುತ್ತದೆ.

ಬಾತ್‌ರೂಮ್‌ಗಳಿಗೆ 2×2 ಅಡಿ, ಮೇಲೆ ಹಿಂಜ್ ಇದ್ದು ಕೆಳಭಾಗ ಹೊರಕ್ಕೆ ತೆರೆಯುವ ಬಗೆ. ತೆರೆದಿದ್ದಾಗ ಬಾಗಿಲೇ ಚಜ್ಜಾ ಆಗುತ್ತದೆ, ಸಾಧಾರಣ ಮಳೆಗೆ ಮುಚ್ಚುವ ಕೆಲಸವಿಲ್ಲ, ಮರೆಯೂ ಉಳಿಯುತ್ತದೆ. ಗಾಜಿನ ಪಟ್ಟಿಗಳ ಲೂವರ್ ಅಗ್ಗ ನಿಜ, ಆದರೆ ಪಟ್ಟಿಗಳನ್ನು ಹೊರಗಿನಿಂದ ಸುಲಭವಾಗಿ ಕಳಚಬಹುದು. ಈ ಮಾತಿನ ನಡುವೆ ಕೆಳಗಿನ ಬಾತ್‌ರೂಮಿನೊಳಗೇ ಗ್ಯಾಸ್ ಗೀಸರ್ ಕೂರಿಸುವ ಯೋಜನೆ ಇರುವುದು ಗೊತ್ತಾಯಿತು. ಅದನ್ನು ಮಾತ್ರ ಗಟ್ಟಿಯಾಗಿ ಬೇಡ ಅಂದೆ. ಗಾಳಿಯಾಡದ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಉರಿದು ಕಾರ್ಬನ್ ಮೊನಾಕ್ಸೈಡ್ ತುಂಬಿ ಬೆಂಗಳೂರಿನಲ್ಲೇ ಜನ ಸತ್ತಿದ್ದಾರೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿ ಅಂತ ಕಿಟಕಿ ಮುಚ್ಚಿಕೊಂಡರೆ ಎಂಥ ಕಿಟಕಿ ಇದ್ದು ಏನು ಬಂತು? ಗೀಸರ್ ಹಿಂದಿನ ಯುಟಿಲಿಟಿಗೆ ಹೋಯಿತು.

ಹೊಸ ಕೊಟೇಶನ್ ಹಳೆಯದಕ್ಕಿಂತ ಜಾಸ್ತಿ ಬಂತು, ಆದರೆ ಯಜಮಾನರು ಹೆದರಿದ್ದಷ್ಟಲ್ಲ. ಅಂಗಡಿಯವರಿಗೆ ಕೇಳಿದ ಪ್ರಶ್ನೆಗಳಲ್ಲಿ ಉಪಯೋಗಕ್ಕೆ ಬಂದದ್ದು ಒಂದೇ: ಯುಪಿವಿಸಿ ಒಳಗೆ ಕಬ್ಬಿಣದ ಪಟ್ಟಿ ಎಲ್ಲೆಲ್ಲಿ ಹಾಕುತ್ತೀರಿ? ಹಿಂಜ್‌ನ ಸ್ಕ್ರೂ ಬರೀ ಪ್ಲಾಸ್ಟಿಕ್‌ಗೆ ಕಚ್ಚಿದರೆ ತೆರೆಯುವ ಕಿಟಕಿ ಬಾಳುವುದಿಲ್ಲ. ಚೌಕಟ್ಟಿಗೆ ಹಾಕುತ್ತೇವೆ ಅಂದರು, ಬಾಗಿಲ ಪಟ್ಟಿಗೂ ಹಾಕಬೇಕು ಅಂತ ಆರ್ಡರ್‌ನಲ್ಲಿ ಬರೆಸಿಕೊಂಡೆವು.

ಗೃಹಪ್ರವೇಶವಾಗಿ ಒಂದು ಮುಂಗಾರು ಕಳೆದ ಮೇಲೆ ಹೋಗಿ ನೋಡಿದೆ. ಪಶ್ಚಿಮದ ಕಿಟಕಿಯ ಮೇಲಿನ ಮೂಲೆಯಲ್ಲಿ ಒಂದು ಒದ್ದೆ ಕಲೆ ಇತ್ತು. ಕಿಟಕಿಯೇ ಸೋರುತ್ತಿದೆ ಅಂತ ಯಜಮಾನರಿಗೆ ಸಿಟ್ಟು. ಬಕೆಟ್‌ನಲ್ಲಿ ನೀರು ಎರಚಿ ನೋಡಿದಾಗ ಬಾಗಿಲ ಸಂದಿ ಒಣಗಿಯೇ ಇತ್ತು. ನೀರು ಬರುತ್ತಿದ್ದದ್ದು ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಯಿಂದ, ಅಲ್ಲಿ ಸಿಲಿಕೋನ್ ಒಂದು ಗೇಣು ಬಿಟ್ಟುಹೋಗಿತ್ತು. ಅದನ್ನು ತುಂಬಿಸಿದ ಮೇಲೆ ಕಲೆ ಬೆಳೆಯಲಿಲ್ಲ.

ಅಜ್ಜಿಯ ಕಿಟಕಿ ದಿನವಿಡೀ ತೆರೆದಿರುತ್ತದೆ. ಅವರ ತಕರಾರು ಜಾಲರಿಯ ಮೇಲೆ. ಮೊದಲಿನ ಹಾಗೆ ಸರಳಿನ ಸಂದಿಯಲ್ಲಿ ಪಕ್ಕದ ಮನೆಯವರಿಗೆ ಒಂದು ಲೋಟ ಸಕ್ಕರೆ ಕೊಡಲಿಕ್ಕೂ ಆಗುವುದಿಲ್ಲವಂತೆ. ಮಗಳ ಕೋಣೆ ಮಾತ್ರ ಏಪ್ರಿಲ್‌ನಲ್ಲಿ ಬಿಸಿಯೇರುತ್ತದೆ. ಬಾಲ್ಕನಿ ಬಾಗಿಲು ಇದೆ ಅಂತ ನಾವು ಲೆಕ್ಕ ಹಾಕಿದ್ದೆವು, ಆದರೆ ಓದುವಾಗ ರಸ್ತೆಯ ಗದ್ದಲ ಅಂತ ಅವಳು ಅದನ್ನು ತೆಗೆಯುವುದೇ ಇಲ್ಲ. ಅಲ್ಲಿನ ಸ್ಲೈಡಿಂಗ್ ತೆಗೆಸಿ ಬಾಗಿಲಿನಂತೆ ಹೊರಗೆ ತೆರೆಯುವುದನ್ನು ಹಾಕಿಸಬೇಕೆಂದರೆ ಗ್ರಿಲ್ ಕಿತ್ತು ಒಳಕ್ಕೆ ತರಬೇಕು. ಸದ್ಯಕ್ಕೆ ಬಾಲ್ಕನಿಗೆ ಜಾಲರಿಯ ಬಾಗಿಲು, ಒಂದು ದಪ್ಪ ಪರದೆ ಹಾಕಿಸಿ ಈ ಬೇಸಿಗೆ ನೋಡೋಣ ಅಂತ ಮಾತಾಗಿದೆ.